ಎರಡು ಕೈ ಕೇಳುವ ಬಾಗಿಲು

“ಗುರುಗಳೇ, ಬಾಗಿಲು ತೆಗೆಯದವರ ಬಾಗಿಲನ್ನು ಒಡೆದು ಒಳಗೆ ಹೋದರೆ ತಪ್ಪಾಗುತ್ತದೆಯೇ?”

ಕಾಮಾಕ್ಷಿ ಕೇಳಿದ ಪ್ರಶ್ನೆ ಇದು. ಕೇಳಿದಳು ಅನ್ನುವುದಕ್ಕಿಂತ ಎಸೆದಳು ಅನ್ನಬೇಕು. ಮೂರು ಮೈಲಿ ದಾರಿಯನ್ನು ಅವಳು ನಡೆದು ಬಂದಿರಲಿಲ್ಲ, ಸಿಟ್ಟು ಅವಳ ಜುಟ್ಟು ಹಿಡಿದು ಎಳೆದು ತಂದಿತ್ತು. ಸಿಟ್ಟಿಗೇ ಕಾಲುಗಳಿದ್ದಿದ್ದರೆ ಅವಳಿಗಿಂತ ಮೊದಲೇ ಶಾಲೆ ಮುಟ್ಟಿರುತ್ತಿತ್ತು. ಎಡಗೈಯಲ್ಲಿ ಒಂದು ಕಾಗದದ ಪೊಟ್ಟಣವಿತ್ತು. ಅದನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬೆವರಿಗೆ ಕಾಗದ ತೊಯ್ದು ಅಂಗೈಗೆ ಅಂಟಿಕೊಂಡಿತ್ತು.

ಗುರು ತಿಪ್ಪೇರುದ್ರಯ್ಯನವರು ಶಾಲೆಯ ಜಗಲಿಯ ಮೇಲೆ ಕೂತು ಬ್ಯಾಂಡೇಜು ಬಟ್ಟೆ ಸುತ್ತುತ್ತಿದ್ದರು. ಅದು ಅಕ್ಷರ ಕಲಿಸುವ ಶಾಲೆಯಲ್ಲ. ಅವರು ನಲವತ್ತು ವರ್ಷ ದೊಡ್ಡ ಆಸ್ಪತ್ರೆಯಲ್ಲಿ ವೈದ್ಯರಾಗಿದ್ದವರು. ಆಮೇಲೆ ಈ ಬೆಟ್ಟದ ಬುಡಕ್ಕೆ ಬಂದು, ಸುತ್ತಲಿನ ಹಟ್ಟಿಗಳ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಮೈಯ ವಿದ್ಯೆ ಕಲಿಸುತ್ತಿದ್ದರು. ಗಾಯ ತೊಳೆಯುವುದು, ಜ್ವರ ಅಳೆಯುವುದು, ಮೈಯೊಳಗೆ ಏನು ನಡೆಯುತ್ತದೆ ಎಂದು ತಿಳಿಯುವುದು. ಕಲಿಯುತ್ತಿರುವಾಗಲೇ ಒಬ್ಬೊಬ್ಬರು ಒಂದೊಂದು ಹಟ್ಟಿಯನ್ನು ನೋಡಿಕೊಳ್ಳಬೇಕಿತ್ತು. ಕಾಮಾಕ್ಷಿ ಬಂದು ಸೇರಿ ನಾಲ್ಕು ತಿಂಗಳಾಗಿತ್ತು. ಬುದ್ಧಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಅವಳ ಪಾಲಿಗೆ ಬಂದದ್ದು ಕಲ್ಲು ಒಡೆಯುವವರ ಹಟ್ಟಿ.

“ಯಾರ ಬಾಗಿಲು?” ಗುರುಗಳು ಕೇಳಿದರು.

“ಪಾಲಜ್ಜಿಯದು.”

ಪಾಲಜ್ಜಿ ಆ ಹಟ್ಟಿಯ ಸೂಲಗಿತ್ತಿ. ಐವತ್ತು ವರ್ಷದಿಂದ ಅಲ್ಲಿ ಹುಟ್ಟಿದವರೆಲ್ಲ ಮೊದಲು ಕಂಡದ್ದು ಅವಳ ಮುಖವನ್ನು. ಅವಳನ್ನು ಕೇಳದೆ ಅಲ್ಲಿನ ತಾಯಂದಿರು ಮಗುವಿಗೆ ಒಂದು ಚಮಚ ಮಜ್ಜಿಗೆ ಕೂಡ ಕುಡಿಸುತ್ತಿರಲಿಲ್ಲ. ಕಾಮಾಕ್ಷಿಗೆ ಮೊದಲ ದಿನದಿಂದಲೂ ಇದು ಕಣ್ಣಿಗೆ ಬಿದ್ದ ಧೂಳು.

ನಡೆದದ್ದನ್ನು ಅವಳು ಹೇಳಿದಳು. ತಾನು ಮಾಡಿದ್ದನ್ನು ಬೇಗ ಬೇಗ ಹೇಳಿ ಮುಗಿಸಿದಳು, ಪಾಲಜ್ಜಿ ಮಾಡಿದ್ದನ್ನು ಎರಡೆರಡು ಸಲ ಹೇಳಿದಳು. ಸಿಟ್ಟಿನಲ್ಲಿರುವವರು ಕತೆ ಹೇಳುವ ರೀತಿಯೇ ಹಾಗೆ.

ಹಟ್ಟಿಯಲ್ಲಿ ಒಂದೂವರೆ ವರ್ಷದ ಹೆಣ್ಣು ಮಗುವೊಂದಕ್ಕೆ ಹಿಂದಿನ ದಿನ ಮಧ್ಯಾಹ್ನದಿಂದ ನೀರು ನೀರಾಗಿ ಭೇದಿಯಾಗುತ್ತಿತ್ತು. ತಾಯಿ ಮಗುವನ್ನು ಎತ್ತಿಕೊಂಡು ನೇರವಾಗಿ ಪಾಲಜ್ಜಿಯ ಗುಡಿಸಲಿಗೆ ಹೋದಳು. ಪಾಲಜ್ಜಿ ನೀರು ಕುದಿಸಿ, ಆರಿಸಿ, ಅದಕ್ಕೆ ದಪ್ಪ ದಪ್ಪ ಬೆಲ್ಲ ಕದಡಿ, ಚಮಚದಲ್ಲಿ ಕುಡಿಸುತ್ತ ಕೂತಳು. ಕುಡಿದಷ್ಟೂ ಹೊರಗೆ ಹೋಗುತ್ತಿತ್ತು.

ಬೆಳಗ್ಗೆ ಸುದ್ದಿ ತಿಳಿದು ಕಾಮಾಕ್ಷಿ ಓಡಿದಳು. ಭೇದಿಗೆ ಕೊಡುವ ಪುಡಿಯ ಪೊಟ್ಟಣಗಳು ಅವಳ ಚೀಲದಲ್ಲಿ ಮುಗಿದಿದ್ದವು. ಭೇದಿಯಲ್ಲಿ ಮೈಯ ಉಪ್ಪು ಹೋಗುತ್ತದೆ, ಉಪ್ಪು ಹೋದರೆ ನೀರು ಮೈಯಲ್ಲಿ ನಿಲ್ಲದು ಎಂದು ಪಾಠದಲ್ಲಿ ಕೇಳಿದ್ದಳು. ಹಾಗಾಗಿ ಮನೆಯ ಉಪ್ಪನ್ನೇ ಕಾಗದದಲ್ಲಿ ಕಟ್ಟಿಕೊಂಡು ಹೋದಳು. ಆ ಪುಡಿಯಲ್ಲಿ ಸಕ್ಕರೆಯೂ ಇರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮಕ್ಕಳು ಮುಖ ಕಿವುಚದೆ ಕುಡಿಯಲಿ ಎಂದು ರುಚಿಗೆ ಹಾಕಿರುತ್ತಾರೆ ಅಂದುಕೊಂಡಿದ್ದಳು. ಭೇದಿಯಾಗುವ ಹೊಟ್ಟೆಗೆ ಸಿಹಿ ಕೂಡದು ಎಂದು ಅವಳ ತವರಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಬೇರೆಯವರ ಮನೆಯ ಮೂಢನಂಬಿಕೆಗಳನ್ನೆಲ್ಲ ಎಣಿಸಿ ಇಟ್ಟಿದ್ದ ಕಾಮಾಕ್ಷಿ ಇದೊಂದನ್ನು ಮಾತ್ರ ಆ ಪಟ್ಟಿಗೆ ಸೇರಿಸಿರಲಿಲ್ಲ.

ಗುಡಿಸಲಿಗೆ ಹೋದವಳೇ ಮಗುವಿನ ಮೈ ಮುಟ್ಟಿ ನೋಡಿ, ಪೊಟ್ಟಣವನ್ನು ಪಾಲಜ್ಜಿಯ ಕೈಗೆ ಚಾಚಿದಳು. ಪಾಲಜ್ಜಿ ಕೈ ಮುಂದೆ ಮಾಡಲಿಲ್ಲ.

“ಕೆಳಗಿಡವ್ವ. ಉಪ್ಪನ್ನ ಕೈಯಿಂದ ಕೈಗೆ ಕೊಡಬಾರ್ದು, ಜಗಳ ಬರ್ತೈತೆ.”

ಆ ಸೀಮೆಯಲ್ಲಿ ಎಲ್ಲರ ಮನೆಯಲ್ಲೂ ಇರುವ ಪದ್ಧತಿ ಅದು. ಉಪ್ಪು ಕೊಡುವವರು ನೆಲಕ್ಕೆ ಇಡುತ್ತಾರೆ, ಬೇಕಾದವರು ಎತ್ತಿಕೊಳ್ಳುತ್ತಾರೆ. ಒಂದು ಸಲ ಸೊಂಟ ಬಗ್ಗಿಸಿದ್ದರೆ ಮುಗಿಯುತ್ತಿತ್ತು. ಕಾಮಾಕ್ಷಿ ಬಗ್ಗಲಿಲ್ಲ. ಮಗು ಸಾಯುತ್ತಿದೆ, ಈ ಮುದುಕಿ ಶಾಸ್ತ್ರ ಹೇಳುತ್ತಾಳೆ ಎಂದು ಅವಳ ಮೈಯೆಲ್ಲ ಉರಿಯಿತು. ಮುದುಕಿಯ ಕೈ ಹಿಡಿದೆಳೆದು ಅಂಗೈಗೆ ಪೊಟ್ಟಣ ತುರುಕಲು ನೋಡಿದಳು. ಪಾಲಜ್ಜಿ ಮುಷ್ಟಿ ಬಿಗಿದಳು. ಆಗ ಕಾಮಾಕ್ಷಿ ಪಕ್ಕದಲ್ಲಿದ್ದ ಬೆಲ್ಲದ ನೀರಿನ ಚೊಂಬನ್ನು ಎತ್ತಿ ಅಂಗಳಕ್ಕೆ ಚೆಲ್ಲಿದಳು. “ಈ ವಿಷ ಕುಡಿಸಿ ಮಗೂನ ಕೊಲ್ತಿದೀಯ” ಅಂದಳು. ಮಗುವಿನ ತಾಯಿ ಅಲ್ಲೇ ನಿಂತಿದ್ದಳು. ಅಂಗಳದಲ್ಲಿ ಹಟ್ಟಿಯ ಹೆಂಗಸರೂ ನಿಂತಿದ್ದರು.

ಪಾಲಜ್ಜಿ ಕೂಗಾಡಲಿಲ್ಲ. ಮಗುವನ್ನು ಮಡಿಲಿಗೆ ಹಾಕಿಕೊಂಡು, “ಆಚೆ ನಡಿ” ಅಂದಳು. ಕಾಮಾಕ್ಷಿ ಹೊರಗೆ ಬಂದ ಮೇಲೆ ತಾಯಿಯೇ ಬಾಗಿಲು ಹಾಕಿಕೊಂಡಳು. ಐವತ್ತು ವರ್ಷ ತಾನು ಹೆರಿಗೆ ಮಾಡಿಸಿದ ಜನರ ಎದುರು ಕೊಲೆಗಾತಿ ಅನ್ನಿಸಿಕೊಂಡವಳಿಗೆ ಹೇಗಾಗಿರಬೇಡ. ಕಾಮಾಕ್ಷಿಗೆ ಅದು ಹೊಳೆಯಲಿಲ್ಲ. ತನ್ನ ಮುಖಕ್ಕೆ ಬಾಗಿಲು ಹಾಕಿದರು ಅನ್ನುವುದೊಂದೇ ಅವಳ ತಲೆಯಲ್ಲಿತ್ತು.

ಗುರುಗಳು ಕೇಳಿದ್ದು ಬೇರೆಯದನ್ನು. ಅಳುವಾಗ ಮಗುವಿನ ಕಣ್ಣಲ್ಲಿ ನೀರು ಬರುತ್ತಿತ್ತೇ, ಉಚ್ಚೆ ಹೊಯ್ದಿತ್ತೇ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ತಕ್ಷಣ ಸರಿಹೋಗುತ್ತಿತ್ತೇ. ಬೆಳಗ್ಗೆಯವರೆಗೂ ಕಣ್ಣೀರು ಇತ್ತು, ಉಚ್ಚೆ ಕಡಿಮೆಯಾಗಿದೆ, ಚರ್ಮ ತುಸು ತಡವಾಗಿ ಸರಿಹೋಗುತ್ತದೆ ಎಂದು ಕಾಮಾಕ್ಷಿ ಹೇಳಿದಳು. ಇವನ್ನೆಲ್ಲ ಮಾತ್ರ ಅವಳು ಸರಿಯಾಗಿ ನೋಡಿಕೊಂಡು ಬಂದಿದ್ದಳು.

“ಹೊತ್ತಿದೆ. ಹೆಚ್ಚಿಲ್ಲ” ಎಂದು ಗುರುಗಳು ಎದ್ದು ನಿಂತರು. ಭೇದಿಯ ಪುಡಿ ಶಾಲೆಯಲ್ಲೂ ಮುಗಿದಿತ್ತು. ಶಾಲೆಯ ಜೀಪು ಬಾಣಂತಿಯೊಬ್ಬಳನ್ನು ಪಟ್ಟಣಕ್ಕೆ ಕರೆದುಕೊಂಡು ಹೋಗಿತ್ತು. ಅದು ಬಂದ ಕೂಡಲೇ ಕಲ್ಲಿನ ಹಟ್ಟಿಗೆ ಕಳಿಸಿ, ಮಧ್ಯಾಹ್ನದೊಳಗೆ ಮಗು ಚೇತರಿಸಿಕೊಳ್ಳದಿದ್ದರೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು ಎಂದು ಒಳಗಿದ್ದವರಿಗೆ ಹೇಳಿ, ಕೋಲು ಹಿಡಿದು ಅಂಗಳಕ್ಕೆ ಇಳಿದರು.

ಕಾಮಾಕ್ಷಿಗೆ ಎದೆ ತುಂಬಿತು. ಗುರುಗಳೇ ಬರುತ್ತಿದ್ದಾರೆ. ಅವರ ಎದುರಿಗೆ ಆ ಮುದುಕಿ ಏನು ಮಾತಾಡುತ್ತಾಳೋ ನೋಡೋಣ ಎಂದು ಒಳಗೊಳಗೇ ಹಿಗ್ಗಿದಳು. ಅಷ್ಟು ಹೆಂಗಸರ ಎದುರು ತನಗಾದ ಅವಮಾನವನ್ನು ಅಷ್ಟೇ ಹೆಂಗಸರ ಎದುರು ತೀರಿಸಿಕೊಳ್ಳಬೇಕು. ಮಗುವಿನ ನೆನಪೂ ಇತ್ತು. ಇರಲಿಲ್ಲವೆಂದು ಹೇಳಿದರೆ ಅವಳಿಗೆ ಅನ್ಯಾಯವಾದೀತು. ಆದರೆ ಮಗುವಿನ ನೆನಪು ಹಿಂದೆ ಬರುತ್ತಿತ್ತು, ಸಿಟ್ಟು ಮುಂದೆ ಹೋಗುತ್ತಿತ್ತು.

“ನಾನು ಕೇಳಿದ್ದಕ್ಕೆ ನೀವು ಉತ್ತರ ಹೇಳಲಿಲ್ಲ” ಎಂದಳು ದಾರಿಯಲ್ಲಿ. “ಪೊಲೀಸರನ್ನು ಕರೆದುಕೊಂಡು ಹೋಗಿ ಬಾಗಿಲು ಒಡೆಸಿ, ಮಗುವನ್ನು ಕಿತ್ತುಕೊಂಡು ಬಂದರೆ ಏನು ತಪ್ಪು?”

“ಹೇಳುತ್ತೇನೆ. ನಡಿಗೆ ನಿಧಾನ ಮಾಡಬೇಡ. ಪಾಲಜ್ಜಿ ಕುಡಿಸಿದ ನೀರು ಮಗುವಿನ ಮೈಯೊಳಗೆ ಹೋಯಿತೇ?”

“ಹೊಟ್ಟೆಯೊಳಗೆ ಹೋಯಿತು.”

“ಹೊಟ್ಟೆಯೊಳಗೆ ಹೋದದ್ದು ಮೈಯೊಳಗೆ ಹೋದಂತಲ್ಲ” ಎಂದು ಗುರುಗಳು ಹೇಳಿದರು. ಬಾಯಿಂದ ಕೆಳಗಿನವರೆಗೂ ಒಂದು ಕೊಳವೆ. ಕೊಳವೆಯಲ್ಲಿ ಇರುವುದು ಇನ್ನೂ ಹೊರಗೇ ಇದೆ. ಕೊಳವೆಯ ಗೋಡೆಯನ್ನು ದಾಟಿದರೆ ಮಾತ್ರ ಒಳಗೆ ಬಂದಂತೆ. ಆ ಗೋಡೆ ಜೀವಕೋಶಗಳದು. ಒಂದೊಂದು ಜೀವಕೋಶದ ಸುತ್ತಲೂ ಎಣ್ಣೆಯಂಥ ಪದಾರ್ಥದ ತೆಳುವಾದ ಪೊರೆ. ನೀರಿನಲ್ಲಿ ಕರಗಿದ ಉಪ್ಪು ಆ ಪೊರೆಯನ್ನು ತೂರಿ ಹೋಗಲಾರದು, ಸಕ್ಕರೆಯೂ ಹೋಗಲಾರದು. ಅದಕ್ಕೇ ಪೊರೆಯಲ್ಲಿ ಪ್ರೋಟೀನುಗಳು ಅಲ್ಲಲ್ಲಿ ನಾಟಿಕೊಂಡು ನಿಂತಿವೆ. ಅವೇ ಬಾಗಿಲು, ಬಾಗಿಲು ಕಾಯುವವರೂ ಅವೇ. ಒಂದೊಂದಕ್ಕೂ ಒಂದೊಂದು ನೇಮ.

ಇದು ಕಾಮಾಕ್ಷಿ ಕೇಳಿದ್ದ ಪಾಠವೇ. ಮಗು ಅಲ್ಲಿ ಮಲಗಿರುವಾಗ ಇವರು ಪಾಠ ಹೇಳುತ್ತಿದ್ದಾರಲ್ಲ ಎಂದು ಅವಳಿಗೆ ಗುರುಗಳ ಮೇಲೂ ರೇಗಿತು. ಅದು ಮುಖದಲ್ಲಿ ಕಂಡಿರಬೇಕು. ಗುರುಗಳು ಪಾಠ ನಿಲ್ಲಿಸಿ ಕತೆಗೆ ಇಳಿದರು.

ಒಂದು ಊರಿತ್ತು, ಸುತ್ತ ಕೋಟೆ ಇತ್ತು. ಕೋಟೆಯ ಗೋಡೆಯನ್ನು ಹತ್ತಿದವರಿಲ್ಲ, ಕೊರೆದವರಿಲ್ಲ. ಹೋಗುವುದೂ ಬರುವುದೂ ಬಾಗಿಲುಗಳಿಂದಲೇ. ಕೆಲವು ಬಾಗಿಲು ಸುಮ್ಮನೆ ತೆರೆದರೆ ಸಾಕು, ಸರಕು ಹೆಚ್ಚಿದ್ದ ಕಡೆಯಿಂದ ಕಡಿಮೆ ಇದ್ದ ಕಡೆಗೆ ತಾನೇ ಹರಿಯುತ್ತಿತ್ತು. ಹಿತ್ತಿಲ ಬಾಗಿಲಲ್ಲಿ ಮಾತ್ರ ಒಬ್ಬ ಕೂಲಿಯವನಿದ್ದ. ಊರೊಳಗೆ ಬಂದ ಉಪ್ಪಿನಲ್ಲಿ ಮೂರು ಮೂಟೆಯನ್ನು ಹಿತ್ತಿಲಿಗೆ ಎತ್ತಿ ಹಾಕುವುದು, ಅಲ್ಲಿಂದ ಬೇರೆ ಸರಕಿನ ಎರಡು ಮೂಟೆಯನ್ನು ಒಳಗೆ ಎಳೆದುಕೊಳ್ಳುವುದು, ಇದೇ ಅವನ ಕೆಲಸ. ಒಂದೊಂದು ಸಲ ಎತ್ತುವುದಕ್ಕೂ ಒಂದೊಂದು ತುತ್ತು ಅನ್ನ ಬೇಕು. ಅನ್ನ ನಿಂತರೆ ಅವನೂ ನಿಂತ. ಅವನು ಹೀಗೆ ಬೆನ್ನು ಮುರಿದು ದುಡಿಯುತ್ತಿದ್ದುದರಿಂದಲೇ ಊರೊಳಗೆ ಯಾವಾಗಲೂ ಉಪ್ಪು ಕಡಿಮೆ ಇರುತ್ತಿತ್ತು. ಒಳಗೆ ಕಡಿಮೆ ಇದ್ದುದರಿಂದ ಹೊರಗಿನ ಉಪ್ಪಿಗೆ ಯಾವಾಗಲೂ ಒಳಗೆ ನುಗ್ಗುವ ಆತುರ. ಉಪ್ಪು ಹೋದ ಕಡೆಗೆ ನೀರು ಹಿಂಬಾಲಿಸಿ ಹೋಗುತ್ತಿತ್ತು. ಹಿತ್ತಿಲಲ್ಲಿ ಒಂದು ಕಾಲುವೆ ಇತ್ತು. ಅದು ತುಂಬಿ ಹರಿದರೆ ನಾಡು ಬದುಕುತ್ತಿತ್ತು.

ಒಂದು ದಿನ ವೈರಿಯೊಬ್ಬ ಬಂದ. ಅವನು ಸೈನ್ಯ ತರಲಿಲ್ಲ. ಉಪ್ಪನ್ನು ಹೊರಗೆ ಬಿಡುವ ಬಾಗಿಲೊಂದರ ಸಂದಿಗೆ ಬೆಣೆ ಹೊಡೆದು ಹೊರಟುಹೋದ. ಬಾಗಿಲು ಮುಚ್ಚಲಾಗಲಿಲ್ಲ. ಊರಿನ ಉಪ್ಪು ಹೊರಗೆ ಸುರಿಯಿತು, ನೀರು ಅದರ ಹಿಂದೆ ಓಡಿತು. ಹಿತ್ತಿಲ ಕಾಲುವೆ ಇಳಿಯುತ್ತ ಬಂತು. ಜನರ ನಾಲಿಗೆ ಒಣಗಿತು.

ದೊರೆ ಕೆಂಡಾಮಂಡಲವಾದ. “ಹೊರಗಿನಿಂದ ನೀರು ತಂದು ಸುರಿಯಿರಿ” ಅಂದ. ಗಾಡಿಗಟ್ಟಲೆ ನೀರು ತಂದು ಸುರಿದರು. ನೀರು ಕೋಟೆಯ ಬುಡವನ್ನು ತೋಯಿಸಿ ಹರಿದುಹೋಯಿತು. ದೊರೆಯ ಸಿಟ್ಟು ನೆತ್ತಿಗೇರಿತು. “ಹಾಗಾದರೆ ಗೋಡೆ ಒಡೆಯಿರಿ” ಅಂದ. ಗೋಡೆ ಕಟ್ಟಿದ ಒಡ್ಡರ ಮುದುಕ ಒಬ್ಬ ಅಲ್ಲಿದ್ದ.

“ಒಡೆಯಬಹುದು ದೊರೆಯೇ. ಒಡೆದ ಮೇಲೆ ಒಳಗು ಯಾವುದು, ಹೊರಗು ಯಾವುದು? ನೀರು ಉಳಿಸಬೇಕೆಂದು ಹೊರಟ ಊರೇ ಉಳಿಯುವುದಿಲ್ಲ.”

ಕಾಮಾಕ್ಷಿ ತುಟಿ ಕಚ್ಚಿಕೊಂಡಳು. ಪೊಲೀಸರ ಮಾತಿಗೆ ಇದು ಉತ್ತರ ಎಂದು ಅವಳಿಗೆ ಅರ್ಥವಾಯಿತು. ಅರ್ಥವಾದದ್ದರಿಂದ ಸಿಟ್ಟು ಇಳಿಯಲಿಲ್ಲ. ಒಡೆಯಬೇಡ ಎಂದು ಹೇಳುವುದು ಸುಲಭ, ಒಡೆಯದೆ ಏನು ಮಾಡಬೇಕು ಎಂದು ಹೇಳಲಿ ನೋಡೋಣ ಅಂದುಕೊಂಡಳು. ಗುರುಗಳು ಮುಂದುವರಿಸಿದರು.

ಆ ಕೋಟೆಯಲ್ಲಿ ವೈರಿ ಮುಟ್ಟದ ಬಾಗಿಲೊಂದು ಉಳಿದಿತ್ತು. ಆ ಬಾಗಿಲಿನ ಕಾವಲುಗಾರ ಮೂಗ. ಅವನ ಬೆನ್ನು ಬಾಗಿಲಿಗೇ ಹತ್ತಿಕೊಂಡಿತ್ತು, ಅವನು ತಿರುಗಿದರೆ ಬಾಗಿಲೂ ತಿರುಗುತ್ತಿತ್ತು. ಹೊರಮುಖವಾಗಿ ನಿಂತು ಎರಡು ಅಂಗೈ ಚಾಚಿರುತ್ತಿದ್ದ. ಒಂದು ಅಂಗೈ ಉಪ್ಪಿಗೆ, ಒಂದು ಅಂಗೈ ಬೆಲ್ಲಕ್ಕೆ. ಎರಡೂ ತುಂಬಿದರೆ ಒಳಕ್ಕೆ ತಿರುಗಿ, ಎರಡನ್ನೂ ಅಲ್ಲಿ ಇಟ್ಟು, ಮತ್ತೆ ಹೊರಮುಖವಾಗಿ ನಿಲ್ಲುತ್ತಿದ್ದ. ಒಂದೇ ತುಂಬಿದರೆ ಅಲುಗುತ್ತಿರಲಿಲ್ಲ. ಅವನಿಗೆ ಲಂಚವಿಲ್ಲ, ಹೆದರಿಕೆಯಿಲ್ಲ, ಇಂದು ಊರಿಗೆ ಕಷ್ಟ ಬಂದಿದೆ ಎಂದು ನೇಮ ಸಡಿಲಿಸುವುದಿಲ್ಲ. ಅವನು ಕೆಟ್ಟವನಲ್ಲ, ಅವನು ಇರುವುದೇ ಹಾಗೆ.

ಆ ಬಾಗಿಲಿಗೆ ಉಪ್ಪು ತರುವ ವ್ಯಾಪಾರಿ ಒಬ್ಬ, ಬೆಲ್ಲ ತರುವ ಗಾಣದವಳು ಒಬ್ಬಳು. ಬಹಳ ಕಾಲ ಇಬ್ಬರೂ ಒಟ್ಟಿಗೆ ಬರುತ್ತಿದ್ದರು. ಒಂದು ದಿನ, ಬಾಗಿಲು ತಿರುಗುವುದು ಯಾರಿಂದ ಎಂದು ಮಾತು ಬಂತು.

“ಒಳಗೆ ನುಗ್ಗುವ ಬಲ ನನ್ನ ಉಪ್ಪಿನದು. ನಿನ್ನ ಬೆಲ್ಲ ಅದರ ಹೆಗಲೇರಿ ಬಿಟ್ಟಿ ಸವಾರಿ ಮಾಡುತ್ತದೆ” ಎಂದ ವ್ಯಾಪಾರಿ.

“ನನ್ನ ಬೆಲ್ಲ ಇಲ್ಲದ ದಿನ ನಿನ್ನ ಉಪ್ಪನ್ನು ಇಲ್ಲಿ ಯಾರು ಮುಟ್ಟುತ್ತಾರೋ ನೋಡೋಣ” ಎಂದಳು ಗಾಣದವಳು.

ಇಬ್ಬರು ಹೇಳಿದ್ದೂ ನಿಜವೇ. ನಿಜ ಹೇಳಿ ಆಡಿದ ಜಗಳ ಸುಳ್ಳು ಹೇಳಿ ಆಡಿದ ಜಗಳಕ್ಕಿಂತ ಹೆಚ್ಚು ದಿನ ನಿಲ್ಲುತ್ತದೆ. ಅಂದಿನಿಂದ ಒಬ್ಬರ ಮುಖ ಒಬ್ಬರು ನೋಡಬಾರದೆಂದು ಅವನು ಬೆಳಗ್ಗೆ ಬರತೊಡಗಿದ, ಅವಳು ಸಂಜೆ ಬರತೊಡಗಿದಳು. ಬೆಳಗ್ಗೆ ಉಪ್ಪು ಹಾಕಿಸಿಕೊಂಡ ಕೈ ಅಲುಗಲಿಲ್ಲ. ಉಪ್ಪು ಉದುರಿ ಹೋಯಿತು. ಸಂಜೆ ಬೆಲ್ಲ ಹಾಕಿಸಿಕೊಂಡ ಕೈಯೂ ಅಲುಗಲಿಲ್ಲ. ವೈರಿ ಬೆಣೆ ಹೊಡೆದು ಹೋದದ್ದು ಈ ಹೊತ್ತಿನಲ್ಲೇ.

ಊರು ಒಣಗುತ್ತಿದೆ ಎಂದು ಕೇಳಿ ಇಬ್ಬರೂ ಓಡಿ ಬಂದರು. ಅವರಿಗೆ ಊರಿನ ಮೇಲೆ ಪ್ರೀತಿ ಇರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಗಾಣದವಳು ತನ್ನಲ್ಲಿದ್ದ ಬೆಲ್ಲವನ್ನೆಲ್ಲ ತಂದು ಗೋಡೆಯ ಬುಡಕ್ಕೆ ಗುಡ್ಡೆ ಹಾಕಿದಳು. ಒಳಗೆ ಹೋಗದ ಬೆಲ್ಲ ಹೊರಗೆ ಗುಡ್ಡೆ ಬಿದ್ದರೆ ಅದೂ ಒಳಗಿನ ನೀರನ್ನು ತನ್ನ ಕಡೆಗೆ ಎಳೆಯುತ್ತದೆ. ಊರು ಮತ್ತಷ್ಟು ಒಣಗಿತು. ವ್ಯಾಪಾರಿ ಅದನ್ನು ನೋಡಿದ. ದೊರೆಯ ಬಳಿಗೆ ಹೋಗಿ, “ಈ ಹೆಂಗಸಿನ ಬೆಲ್ಲದಿಂದಲೇ ಊರು ಸಾಯುತ್ತಿದೆ” ಎಂದು ದೂರು ಹೇಳಿದ. ಸಿಟ್ಟಿನಲ್ಲಿದ್ದ ದೊರೆಗೆ ಯಾರಾದರೂ ಒಬ್ಬರು ಬೇಕಾಗಿದ್ದರು. ಬೆಲ್ಲವನ್ನು ಕಂದಕಕ್ಕೆ ಎಸೆಸಿದ. ಊರವರೆಲ್ಲ ನೋಡುತ್ತಿದ್ದಂತೆ ಅವಳನ್ನು ಅಲ್ಲಿಂದ ಓಡಿಸಿದರು.

ತಾನು ಅಂಗಳಕ್ಕೆ ಚೆಲ್ಲಿದ ಬೆಲ್ಲದ ನೀರು ಕಾಮಾಕ್ಷಿಗೆ ನೆನಪಾಯಿತು. ಗುರುಗಳು ಅವಳ ಕಡೆಗೆ ತಿರುಗಿ ನೋಡಲಿಲ್ಲ, ಕೋಲೂರಿಕೊಂಡು ನಡೆಯುತ್ತಲೇ ಇದ್ದರು. ಆದರೆ ಅವರ ದನಿ ಗಡುಸಾಗಿತ್ತು. ಗುರುಗಳಿಗೆ ಸಿಟ್ಟು ಬಂದದ್ದನ್ನು ಅವಳು ಅದುವರೆಗೆ ಕಂಡಿರಲಿಲ್ಲ.

ಮರುದಿನ ಬೆಳಗ್ಗೆ ಉಪ್ಪಿನ ವ್ಯಾಪಾರಿ ಗೆದ್ದವನ ಹಾಗೆ ಬಂದ. ಬಾಗಿಲ ಮುಂದೆ ಈಗ ಅವನೊಬ್ಬನೇ. ಒಳ್ಳೆಯ ಉಪ್ಪನ್ನೇ ಆರಿಸಿ ತಂದಿದ್ದ. ಕಾವಲುಗಾರನ ಅಂಗೈ ತುಂಬ ಸುರಿದ. ಕಾವಲುಗಾರ ತಿರುಗಲಿಲ್ಲ. ಮತ್ತೆ ಸುರಿದ. ತಿರುಗಲಿಲ್ಲ. ವ್ಯಾಪಾರಿ ಬೈದ, ಕಳ್ಳ ಅಂದ, ಊರುಗೇಡಿ ಅಂದ, ಕಾವಲುಗಾರನ ಮುಖಕ್ಕೆ ಉಗಿದ. “ನನ್ನ ಉಪ್ಪಿನಲ್ಲಿ ಏನು ದೋಷ ಹೇಳು” ಎಂದು ಕೂಗಿದ. ದೋಷ ಇರಲಿಲ್ಲ. ಉಪ್ಪು ಶುದ್ಧವಾಗಿತ್ತು, ಊರಿಗೆ ಬೇಕಾದದ್ದೂ ಅದೇ ಆಗಿತ್ತು. ಸಿಟ್ಟಿನಲ್ಲಿ ಅವನು ಕಾವಲುಗಾರನ ಮುಖವನ್ನೇ ದುರುಗುಟ್ಟಿ ನೋಡುತ್ತಿದ್ದ. ಬರಿದಾಗಿ ಚಾಚಿಕೊಂಡಿದ್ದ ಇನ್ನೊಂದು ಕೈಯನ್ನು ನೋಡಲಿಲ್ಲ. ಕೋಟೆಯ ಒಳಗಿನಿಂದ ಮಗುವೊಂದು ಅಳುವುದು ಕೇಳಿಸುತ್ತಿತ್ತು. ಆ ಅಳುವಿನಲ್ಲಿ ಕಣ್ಣೀರಿರಲಿಲ್ಲ, ಅದಕ್ಕೆ ಬೇಕಾದ ನೀರು ಮೈಯಲ್ಲಿ ಉಳಿದಿರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ದಾರಿಯ ಎರಡೂ ಕಡೆ ಒಡೆದು ಬಿಟ್ಟ ಕಲ್ಲಿನ ಚೂರು.

“ಆಮೇಲೆ?” ಎಂದಳು ಕಾಮಾಕ್ಷಿ.

ಗುರುಗಳು ಅವಳ ಕೈಯಲ್ಲಿದ್ದ ಉಪ್ಪಿನ ಪೊಟ್ಟಣವನ್ನು ಕೋಲಿನಿಂದ ತೋರಿಸಿದರು.

“ಹಾಗಾದರೆ ಆ ಪುಡಿಯಲ್ಲಿ ಇರುವ ಸಕ್ಕರೆ ರುಚಿಗಲ್ಲ” ಎಂದಳು.

“ರುಚಿಗಲ್ಲ. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಅರ್ಧ ಚಮಚ ಉಪ್ಪು, ಆರು ಚಮಚ ಸಕ್ಕರೆ. ಚಮಚ ಚಿಕ್ಕದಿರಲಿ, ಗುಪ್ಪೆಯಾಗದಂತೆ ಮೇಲೆ ಸವರಿ ಮಟ್ಟವಾಗಿ ಅಳೆಯಬೇಕು. ಸಕ್ಕರೆ ಇಲ್ಲದಿದ್ದರೆ ಅಷ್ಟೇ ಬೆಲ್ಲ. ಉಪ್ಪು ಹೆಚ್ಚಾದರೆ ಮಗುವಿಗೆ ಕೇಡು, ಬೆಲ್ಲ ಹೆಚ್ಚಾದರೂ ಕೇಡು. ಬರೀ ಬೆಲ್ಲ ಸಾಲದು, ಬರೀ ಉಪ್ಪೂ ಸಾಲದು.”

“ಇದನ್ನು ಮೊದಲೇ ಏಕೆ ಹೇಳಲಿಲ್ಲ?” ಕಾಮಾಕ್ಷಿಯ ದನಿ ಏರಿತು. ತಪ್ಪು ತನ್ನದಲ್ಲ ಎಂದಾಗಲು ಅವಳಿಗೊಂದು ದಾರಿ ಬೇಕಿತ್ತು.

“ಹೇಳಿದ್ದೆ. ಆ ದಿನ ನೀನು ಉಪ್ಪಿನ ಭಾಗವನ್ನು ಕೇಳಿಸಿಕೊಂಡು, ಉಳಿದದ್ದು ಗೊತ್ತಾಯಿತೆಂದು ಪಕ್ಕದವಳಿಗೆ ಪಾಠ ಮಾಡುತ್ತ ಕೂತಿದ್ದೆ.”

ಕಾಮಾಕ್ಷಿಯ ಮುಖ ಕೆಂಪಾಯಿತು. ತಲೆ ತಗ್ಗಿಸಿ ಹತ್ತು ಹೆಜ್ಜೆ ಹಾಕಿದಳು. ಹನ್ನೊಂದನೆಯ ಹೆಜ್ಜೆಗೆ ಅವಳ ತಲೆ ಮತ್ತೆ ಮೇಲೆದ್ದಿತು. ಬರೀ ಬೆಲ್ಲ ಸಾಲದು ಎಂದು ಗುರುಗಳೇ ಹೇಳಿದರಲ್ಲ. ಗುಡ್ಡೆ ಬಿದ್ದ ಬೆಲ್ಲ ನೀರನ್ನು ಹೊರಗೆ ಎಳೆಯುತ್ತದೆ ಎಂದೂ ಹೇಳಿದರಲ್ಲ. ಪಾಲಜ್ಜಿ ಕುಡಿಸಿದ್ದು ಬರೀ ಬೆಲ್ಲವನ್ನೇ, ಅದೂ ದಪ್ಪ ದಪ್ಪ ಕದಡಿ. ತನ್ನದು ಅರ್ಧ ತಪ್ಪಾದರೆ ಅವಳದೂ ಅರ್ಧ ತಪ್ಪು. ತಾನು ಹೇಳಲು ಹೋದದ್ದನ್ನು ಅವಳು ಕೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಹೀಗೆ ಯೋಚಿಸುತ್ತ ಯೋಚಿಸುತ್ತ ಅವಳ ನಡಿಗೆ ಬಿರುಸಾಯಿತು, ಇಳಿಯುತ್ತಿದ್ದ ಸಿಟ್ಟು ಮತ್ತೆ ಉರಿಯತೊಡಗಿತು. ಕತೆಯಲ್ಲಿ ತನಗೆ ಬೇಕಾದದ್ದನ್ನು ಹೆಕ್ಕಿಕೊಳ್ಳುವುದು ಎಲ್ಲರೂ ಮಾಡುವ ಕೆಲಸವೇ. ಕಾಮಾಕ್ಷಿ ಅದನ್ನು ಕತೆ ಮುಗಿಯುವ ಮೊದಲೇ ಮಾಡಿದಳು.

ಹಟ್ಟಿ ಬಂತು. ಮೊದಲ ಗುಡಿಸಲಿಗಿಂತ ಇಪ್ಪತ್ತು ಮಾರು ಈಚೆಗೆ, ಕೆತ್ತಿ ಇಟ್ಟಿದ್ದ ಕಲ್ಲಿನ ಮೇಲೆ ಗುರುಗಳು ಕೂತುಬಿಟ್ಟರು. ಕೋಲನ್ನು ಮೊಣಕಾಲಿಗೆ ಒರಗಿಸಿಕೊಂಡರು. ಅಲ್ಲಿಂದ ಪಾಲಜ್ಜಿಯ ಬಾಗಿಲು ಕಾಣುತ್ತಿತ್ತು. ಅದು ಇನ್ನೂ ಹಾಕಿಯೇ ಇತ್ತು. ಅಂಗಳದಲ್ಲಿ ಹೆಂಗಸರು ಅಲ್ಲಲ್ಲಿ ಕೂತಿದ್ದರು. ಚೆಲ್ಲಿದ ಬೆಲ್ಲದ ನೀರಿಗೆ ಇರುವೆ ಮುತ್ತಿ ನೆಲ ಕಪ್ಪಾಗಿತ್ತು. ಒಳಗಿನಿಂದ ಮಗುವಿನ ಅಳು ಕೇಳಿಸಿತು. ಬೆಳಗ್ಗೆ ಕೇಳಿದ್ದಕ್ಕಿಂತ ಅದು ಸಣ್ಣದಾಗಿತ್ತು.

ಹೆಂಗಸರು ಇವರಿಬ್ಬರನ್ನು ನೋಡಿ ಎದ್ದು ನಿಂತರು. ಅವರು ನೋಡುತ್ತಿರುವುದನ್ನು ಕಾಮಾಕ್ಷಿ ಗಮನಿಸಿದಳು. ಬೆನ್ನು ನೆಟ್ಟಗೆ ಮಾಡಿಕೊಂಡಳು.

“ಏಳಿ ಗುರುಗಳೇ, ಒಳಗೆ ಬನ್ನಿ” ಎಂದಳು, ಅವರಿಗೆಲ್ಲ ಕೇಳಿಸುವ ಹಾಗೆ. “ನೀವು ಕರೆದರೆ ಆ ಮುದುಕಿ ಬಾಗಿಲು ತೆಗೆಯಲೇಬೇಕು. ಅವಳದೂ ತಪ್ಪಿದೆ ಎಂದು ನೀವೇ ಹೇಳಿದಿರಿ. ಅದನ್ನು ಇವರೆಲ್ಲರ ಮುಂದೆ ಒಂದು ಸಲ ಅವಳಿಗೆ ಹೇಳಿಬಿಡಿ. ಆಮೇಲೆ ನಾನು ಔಷಧಿ ಮಾಡಿಕೊಡುತ್ತೇನೆ.”

ಗುರುಗಳು ಏಳಲಿಲ್ಲ. ಅವಳ ಎಡಗೈಯಲ್ಲಿದ್ದ ಪೊಟ್ಟಣವನ್ನು ನೋಡಿದರು. ಆಮೇಲೆ ಅವಳ ಮುಖ ನೋಡಿದರು. ಅವರ ಕಣ್ಣು ಕೆಂಪಾಗಿತ್ತು. ದನಿ ಮಾತ್ರ ಅವಳೊಬ್ಬಳಿಗೆ ಕೇಳಿಸುವಷ್ಟೇ ಇತ್ತು.

“ಉಪ್ಪು ನಿನ್ನ ಕೈಯಲ್ಲಿದೆ, ಬೆಲ್ಲ ಅವಳ ಮನೆಯಲ್ಲಿದೆ; ನನ್ನನ್ನು ಒಳಗೆ ಕರೆಯುತ್ತಿರುವುದು ಮಗುವಿಗಾಗಿಯೋ, ನಿನ್ನ ಸಿಟ್ಟಿಗಾಗಿಯೋ?”

ಕಾಮಾಕ್ಷಿ ಒಬ್ಬಳೇ ಪಾಲಜ್ಜಿಯ ಬಾಗಿಲಿಗೆ ಹೋಗಿ, ಸೊಂಟ ಬಗ್ಗಿಸಿ ಉಪ್ಪಿನ ಪೊಟ್ಟಣವನ್ನು ನೆಲಕ್ಕೆ ಇಟ್ಟಳು.